ಐಕಾನ್ ಬರೆಯೋರಿಗೆ ಇಂಕ್‌ಸ್ಕೇಪ್ ಹೇಗಿದೆ? ಆರು ವರ್ಷಕ್ಕೂ ಹೆಚ್ಚು ಬಳಸಿದ ಮೇಲೆ ಬರೀತಿದ್ದೇನೆ

ನಾನು ಧಾರವಾಡದಲ್ಲಿ ಕೂತು ಆ್ಯಪ್‌ಗಳಿಗೆ, ವೆಬ್‌ಸೈಟ್‌ಗಳಿಗೆ ಐಕಾನ್ ಮಾಡಿಕೊಡುತ್ತೇನೆ. ಸ್ವಂತ ಕೆಲಸ, ಆಫೀಸು ಅಂತೇನೂ ಇಲ್ಲ, ಮನೆಯ ಹಿಂದಿನ ಕೋಣೆಯೇ ಎಲ್ಲ. 2019ರಿಂದ ಬಹುಪಾಲು ಕೆಲಸ ಇಂಕ್‌ಸ್ಕೇಪ್‌ನಲ್ಲೇ ಆಗಿದೆ. ಹೊಸದಾಗಿ ಈ ಕಡೆ ಬರೋ ಹುಡುಗ ಹುಡುಗಿಯರು ಒಂದೇ ಪ್ರಶ್ನೆ ಕೇಳುತ್ತಾರೆ, ಪುಕ್ಕಟೆ ಸಿಗೋ ಸಾಫ್ಟ್‌ವೇರ್ ಇಟ್ಟುಕೊಂಡು ಸಂಪಾದನೆ ಮಾಡೋಕೆ ಆಗುತ್ತಾ ಅಂತ. ಆಗುತ್ತೆ. ನಾನು ಮಾಡ್ತಿದ್ದೇನೆ. ಆದರೆ ಅದನ್ನು ತೆರೆದ ಮೊದಲ ದಿನ ಕಾಣೋ ಇಂಕ್‌ಸ್ಕೇಪ್ ಬೇರೆ, ಐಕಾನ್ ಕೆಲಸಕ್ಕೆ ಅಂತ ಹದ ಮಾಡಿಕೊಂಡ ಇಂಕ್‌ಸ್ಕೇಪ್ ಬೇರೆ. ಈ ಹದ ಮಾಡಿಕೊಳ್ಳೋದು ಹೇಗೆ ಅಂತ ಯಾರೂ ಹೇಳಿಕೊಡದೆ ನನ್ನ ಮೊದಲ ವರ್ಷ ಪೂರ್ತಿ ಹಾಳಾಯಿತು. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಗೊತ್ತಿಲ್ಲದವರಿಗೆ ಒಂದೆರಡು ಮಾತು. ಇದು ಗೆರೆ, ಆಕಾರಗಳನ್ನು ಲೆಕ್ಕದಿಂದ ಬರೆಯೋ ವೆಕ್ಟರ್ ಸಾಫ್ಟ್‌ವೇರ್. ಎಷ್ಟು ಹಿಗ್ಗಿಸಿದರೂ ಅಂಚು ಒಡೆಯೋದಿಲ್ಲ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯುತ್ತೆ. ಸೋಡಿಪೋಡಿ ಅನ್ನೋ ಹಳೇ ಸಾಫ್ಟ್‌ವೇರ್‌ನಿಂದ 2003ರಲ್ಲಿ ಕವಲೊಡೆದು ಹುಟ್ಟಿದ್ದು. ಇವತ್ತಿಗೂ ಇಂಕ್‌ಸ್ಕೇಪ್‌ನಲ್ಲಿ ಉಳಿಸಿದ ಫೈಲನ್ನು ನೋಟ್‌ಪ್ಯಾಡ್‌ನಲ್ಲಿ ತೆರೆದು ನೋಡಿ, ಒಳಗೆ ಸೋಡಿಪೋಡಿ ಅನ್ನೋ ಹೆಸರು ಅಲ್ಲಲ್ಲಿ ಕಾಣುತ್ತೆ. 1.0 ಆವೃತ್ತಿ ಬರೋಕೆ 2020ರ ಮೇ ತಿಂಗಳವರೆಗೆ ಕಾಯಬೇಕಾಯಿತು. ನಾನು ಶುರು ಮಾಡಿದ್ದು ಅದಕ್ಕೂ ಹಿಂದಿನ 0.92ರಲ್ಲಿ. ಫೈಲು ಉಳಿಯೋದು ನೇರವಾಗಿ ಎಸ್‌ವಿಜಿ ಆಗಿ, ಅಂದರೆ ವೆಬ್ ಬ್ರೌಸರ್‌ಗೆ ಅರ್ಥವಾಗೋ ಭಾಷೆಯಲ್ಲೇ. ಐಕಾನ್ ಮಾಡೋರಿಗೆ ಇದರಷ್ಟು ಅನುಕೂಲ ಇನ್ನೊಂದಿಲ್ಲ.

ಈಗ ಮೊದಲ ದಿನದ ವಿಷಯ. ಇಂಕ್‌ಸ್ಕೇಪ್ ಹೊಸ ಹಾಳೆ ಕೊಟ್ಟರೆ ಅದು ಎ4, ಅಳತೆ ಮಿಲಿಮೀಟರ್‌ನಲ್ಲಿ. ಅರ್ಜಿ, ಕರಪತ್ರ ಮಾಡೋರಿಗೆ ಸರಿ. ಐಕಾನ್‌ಗೆ ಇದರಿಂದ ಬರೀ ತೊಂದರೆ. ಎ4 ಹಾಳೆ ಎದುರಿಗಿದ್ದರೆ ಕೈ ತಾನಾಗೇ ದೊಡ್ಡದು ಬರೆಯುತ್ತೆ, ಬಾಗಿಲಿಗೆ ಚಿಲಕ, ಚಿಲಕಕ್ಕೆ ಸ್ಕ್ರೂ, ಹೀಗೆ ತುಂಬುತ್ತಾ ಹೋಗ್ತೀವಿ, ಕೊನೆಗೆ ಅದನ್ನು ಫೋನಿನ ಬಟನ್ ಅಳತೆಗೆ ಕುಗ್ಗಿಸಿದಾಗ ಉಳಿಯೋದು ಒಂದು ಕಪ್ಪು ಮುದ್ದೆ. ಹೀಗಾಗಿ ಬೇರೇನೂ ಮಾಡೋ ಮೊದಲು ಕಂಟ್ರೋಲ್, ಶಿಫ್ಟ್, ಡಿ ಮೂರನ್ನೂ ಒಟ್ಟಿಗೆ ಒತ್ತಿ. ಡಾಕ್ಯುಮೆಂಟ್ ಪ್ರಾಪರ್ಟೀಸ್ ತೆರೆಯುತ್ತೆ. ಅಲ್ಲಿ ಅಳತೆಯನ್ನು ಪಿಕ್ಸೆಲ್‌ಗೆ (ಪರದೆಯ ಒಂದೊಂದು ಪುಟ್ಟ ಚೌಕ) ಬದಲಿಸಿ, ಅಗಲ 24, ಎತ್ತರ 24 ಮಾಡಿ, ಗ್ರಿಡ್ (ಚೌಕಳಿ ಗೆರೆಗಳು) ಸೇರಿಸಿ 1 ಪಿಕ್ಸೆಲ್ ಅಂತರ ಕೊಡಿ. ಸ್ನ್ಯಾಪಿಂಗ್ ಆನ್ ಮಾಡಿ, ಆಗ ಬರೆದದ್ದು ತಾನಾಗೇ ಗ್ರಿಡ್ ಗೆರೆಗೆ ಅಂಟಿಕೊಳ್ಳುತ್ತೆ. ಈ ಖಾಲಿ ಫೈಲನ್ನೇ ಒಂದು ಕಡೆ ಇಟ್ಟುಕೊಂಡು ಪ್ರತಿ ಸಲ ಅದರ ನಕಲಿನಿಂದ ಶುರು ಮಾಡಿ. ಎರಡು ನಿಮಿಷದ ಕೆಲಸ. ನನಗೆ ಇದು ಗೊತ್ತಾಗೋಕೆ ಎಂಟು ತಿಂಗಳು ಬೇಕಾಯಿತು.

ಎರಡನೆಯದು ನಾನು ಈ ಸಾಫ್ಟ್‌ವೇರ್ ಬಿಡದೇ ಇರೋಕೆ ಮುಖ್ಯ ಕಾರಣ. ವ್ಯೂ ಮೆನುವಿನಲ್ಲಿ ಐಕಾನ್ ಪ್ರಿವ್ಯೂ ಅಂತ ಒಂದಿದೆ. ಅದನ್ನು ತೆರೆದರೆ ನೀವು ಬರೆಯುತ್ತಿರೋದೇ 16, 24, 32, 48, 128 ಪಿಕ್ಸೆಲ್‌ಗಳಲ್ಲಿ ಪಕ್ಕದಲ್ಲೇ ಕಾಣುತ್ತೆ. ನೀವು ಇಲ್ಲಿ ಗೆರೆ ಎಳೆದರೆ ಅಲ್ಲಿ 16ರಲ್ಲಿ ಅದು ಏನಾಯಿತು ಅಂತ ಆಗಲೇ ಗೊತ್ತು. ಬಹಳ ಜನ ವರ್ಷಗಟ್ಟಲೆ ಇಂಕ್‌ಸ್ಕೇಪ್ ಬಳಸಿಯೂ ಇದನ್ನು ತೆರೆದೇ ಇರೋದಿಲ್ಲ. ನಾನಂತೂ ಈಗ ದೊಡ್ಡ ಚಿತ್ರ ನೋಡೋದೇ ಕಡಿಮೆ. ಕೈ ದೊಡ್ಡ ಹಾಳೆಯ ಮೇಲಿರುತ್ತೆ, ಕಣ್ಣು ಆ ಪುಟ್ಟ 24ರ ಮೇಲಿರುತ್ತೆ. ಐಕಾನ್ ಚೆನ್ನಾಗಿದೆಯೋ ಇಲ್ಲವೋ ಅನ್ನೋದು ತೀರ್ಮಾನ ಆಗೋದು ಅಲ್ಲೇ, ಜನ ನೋಡೋದು ಆ ಅಳತೆಯಲ್ಲೇ ಅಲ್ವಾ.

ಈ ಎಣಿಸಿ ಬರೆಯೋ ಅಭ್ಯಾಸ ನನಗೆ ಕಂಪ್ಯೂಟರ್‌ಗಿಂತ ಮೊದಲೇ ಮನೆಯಲ್ಲಿ ಕಂಡಿತ್ತು, ಆಗ ತಿಳಿದಿರಲಿಲ್ಲ ಅಷ್ಟೇ. ನಮ್ಮವ್ವ ಕಸೂತಿ ಹಾಕುತ್ತಾಳೆ. ಇಳಕಲ್ ಸೀರೆಯ ಮೇಲೆ ಗೋಪುರ, ತೇರು, ಆನೆ, ತುಳಸಿಕಟ್ಟೆ. ಬಟ್ಟೆಯ ಮೇಲೆ ಮೊದಲು ಚಿತ್ರ ಬರೆದುಕೊಳ್ಳೋ ಪದ್ಧತಿ ಕಸೂತಿಯಲ್ಲಿ ಇಲ್ಲ. ಬಟ್ಟೆಯ ಎಳೆ ಎಣಿಸಬೇಕು, ಸೂಜಿ ಹಾಕಬೇಕು. ಗವಂತಿ ಅಂದರೆ ಸೀದಾ ಗೆರೆ, ಮುರ್ಗಿ ಅಂದರೆ ಮೆಟ್ಟಿಲಿನ ಹಾಗೆ ಏರಿಳಿಯೋದು. ಚಿಕ್ಕವನಿದ್ದಾಗ ನಾನೂ ಸೂಜಿ ಹಿಡಿದು ಆನೆಯ ಸೊಂಡಿಲು ಗುಂಡಗೆ ಬರಲಿ ಅಂತ ಅಡ್ಡಾದಿಡ್ಡಿ ಚುಚ್ಚಿದ್ದೆ. ಅವ್ವ ಬಿಚ್ಚಿ ತೆಗೆದು, "ತಮ್ಮಾ, ಎಳಿ ಎಣಿಸ್ಲಾರದ ಸೂಜಿ ಹಾಕಬ್ಯಾಡ" ಅಂದಳು. ಆಮೇಲೆ ಮೂರು ಮೆಟ್ಟಿಲಲ್ಲಿ ಸೊಂಡಿಲು ಇಳಿಸಿದಳು. ಹತ್ತಿರದಿಂದ ನೋಡಿದರೆ ಮೆಟ್ಟಿಲು, ಎರಡು ಮಾರು ದೂರದಿಂದ ನೋಡಿದರೆ ಸೊಂಡಿಲು. ಪಿಕ್ಸೆಲ್ ಅಂದರೆ ಇದೇ. 1984ರ ಮ್ಯಾಕಿಂಟಾಷ್ ಕಂಪ್ಯೂಟರ್‌ಗೆ ಐಕಾನ್ ಮಾಡಿದ ಸೂಸನ್ ಕೇರ್ ಕೂಡ 32ಕ್ಕೆ 32 ಚೌಕದ ಗ್ರಾಫ್ ಹಾಳೆಯಲ್ಲೇ ಬರೆಯುತ್ತಿದ್ದರು. ಪಿಕ್ಸೆಲ್ ಚಿತ್ರ ಅಂದರೆ ಮೊಸಾಯಿಕ್ ಮತ್ತು ಹೊಲಿಗೆಯ ಕಸೂತಿ ಇದ್ದ ಹಾಗೇ, ಅದನ್ನೆಲ್ಲ ಮೊದಲೇ ಮಾಡಿದ್ದೆ ಅಂತ ಅವರೇ ಹೇಳಿಕೊಂಡಿದ್ದಾರೆ. ಅದನ್ನು ಓದಿದ ದಿನ ನಾನು ಅವ್ವನ ಹಳೇ ಸೀರೆಗಳನ್ನೆಲ್ಲ ಪೆಟ್ಟಿಗೆಯಿಂದ ಹೊರಗೆ ತೆಗೆದು ಹರಡಿಕೊಂಡು ಕೂತಿದ್ದೆ.

ಗ್ರಿಡ್ ಅಂದ ಮೇಲೆ ಒಂದು ಸಣ್ಣ ಲೆಕ್ಕ ಹೇಳಲೇಬೇಕು. 24ರ ಚೌಕದಲ್ಲಿ 2 ಪಿಕ್ಸೆಲ್ ದಪ್ಪದ ಗೆರೆಯನ್ನು ಗ್ರಿಡ್ ಗೆರೆಯ ಮೇಲೆ ಕೂರಿಸಿದರೆ ಆ ಕಡೆ 1, ಈ ಕಡೆ 1, ಅಂಚು ಚೂಪಾಗಿರುತ್ತೆ. ಅದೇ 1 ಪಿಕ್ಸೆಲ್ ಗೆರೆ ಆದರೆ ಆ ಕಡೆ ಅರ್ಧ, ಈ ಕಡೆ ಅರ್ಧ, ಎರಡೂ ಕಡೆ ಮಸುಕು. ಅದನ್ನು ಅರ್ಧ ಪಿಕ್ಸೆಲ್ ಪಕ್ಕಕ್ಕೆ ಸರಿಸಬೇಕು. "ನನ್ನ ಐಕಾನ್ ಯಾಕೋ ಮಬ್ಬು ಕಾಣ್ತಿದೆ" ಅಂತ ಯಾರಾದರೂ ಕಳಿಸಿದರೆ ನಾನು ಮೊದಲು ನೋಡೋದು ಇದನ್ನೇ. ಹೆಚ್ಚಿನ ಸಲ ತಪ್ಪು ಅಲ್ಲೇ ಇರುತ್ತೆ.

ಇನ್ನು ಅಳತೆ ಸರಿ ಇದ್ದರೂ ಕಣ್ಣಿಗೆ ಸರಿ ಕಾಣದೇ ಇರೋ ಸಮಸ್ಯೆ. 20ರ ಚೌಕ, 20ರ ವೃತ್ತ ಪಕ್ಕಪಕ್ಕ ಇಟ್ಟರೆ ವೃತ್ತ ಸಣ್ಣದು ಅನ್ಸುತ್ತೆ. ಗೂಗಲ್‌ನ ಮಟೀರಿಯಲ್ ಐಕಾನ್ ನಿಯಮದಲ್ಲಿ ಇದಕ್ಕೇ ವೃತ್ತಕ್ಕೆ 20, ಚೌಕಕ್ಕೆ 18, ನಿಂತ ಆಯತಕ್ಕೆ 16 ಅಗಲ 20 ಎತ್ತರ ಅಂತ ಕೊಟ್ಟಿದ್ದಾರೆ. ಸುತ್ತ 2 ಖಾಲಿ. ಈ ಮೂರು ಆಕಾರಗಳನ್ನು ತೆಳು ಬಣ್ಣದಲ್ಲಿ ನನ್ನ ಖಾಲಿ ಫೈಲಿನ ಕೆಳಗಿನ ಲೇಯರ್‌ನಲ್ಲಿ (ಪದರದಲ್ಲಿ) ಬರೆದು ಬೀಗ ಹಾಕಿ ಇಟ್ಟಿದ್ದೇನೆ. ಪ್ಲೇ ಬಟನ್‌ನ ತ್ರಿಕೋನವೂ ಹಾಗೇ. ಅಲೈನ್ ಬಟನ್ ಒತ್ತಿ ನಡುವಿಗೆ ತಂದರೆ ಅದು ಎಡಕ್ಕೆ ಸರಿದ ಹಾಗೆ ಕಾಣುತ್ತೆ, ಕೈಯಿಂದ ಸ್ವಲ್ಪ ಬಲಕ್ಕೆ ತಳ್ಳಬೇಕು. ಸಾಫ್ಟ್‌ವೇರ್ ನಡು ತೋರಿಸುತ್ತೆ, ಕಣ್ಣಿನ ನಡು ಬೇರೆ.

ಒಂದು ನಿಜವಾದ ಕೆಲಸದ ಮೇಲೆ ಇದೆಲ್ಲ ಹೇಗೆ ನಡೆಯಿತು ಅಂತ ಹೇಳಿದರೆ ಚೆನ್ನಾಗಿ ತಿಳಿಯುತ್ತೆ. ರೈತರಿಗೆ ಅಂತ ಒಂದು ಆ್ಯಪ್, ಮಳೆ, ಮಾರುಕಟ್ಟೆ ಬೆಲೆ, ಬೆಳೆ ಸಾಲ, ಬೆಳೆ ವಿಮೆ, ಹೀಗೆ 18 ಐಕಾನ್ ಬೇಕಿತ್ತು. ಮಾರುಕಟ್ಟೆ ಬೆಲೆಗೆ ನಾನು ತಕ್ಕಡಿ ಬರೆದೆ. ನನ್ನ ಮಟ್ಟಿಗೆ ಅದರಲ್ಲಿ ಅನುಮಾನವೇ ಇರಲಿಲ್ಲ. ಊರಿಗೆ ಹೋದಾಗ ನಮ್ಮ ಕಾಕಾಗೆ ಫೋನಿನಲ್ಲಿ ತೋರಿಸಿ, ಕೆಳಗಿನ ಹೆಸರು ಮುಚ್ಚಿ, "ಕಾಕಾ, ಇದು ಏನ್ ಹೇಳ್ರೀ" ಅಂದೆ. ಕಾಕಾ ಒಂದು ಕ್ಷಣವೂ ಯೋಚಿಸದೆ "ಕೋರ್ಟು" ಅಂದರು. ಜಮೀನಿನ ವ್ಯಾಜ್ಯಕ್ಕೆ ಓಡಾಡಿದವರು, ತಕ್ಕಡಿ ಅಂದರೆ ಅವರಿಗೆ ನ್ಯಾಯಾಲಯ. ಇನ್ನೂ ಇಬ್ಬರನ್ನು ಕೇಳಿದೆ, ಒಬ್ಬರು ಕೋರ್ಟು, ಒಬ್ಬರು ಕಿರಾಣಿ ಅಂಗಡಿ.

ವಾಪಸ್ ಬಂದು ಚೀಲ ಬರೆಯೋಕೆ ಕೂತೆ. ಹೊಟ್ಟೆಯ ಮೇಲೆ ರೂಪಾಯಿ ಚಿಹ್ನೆ. ದೊಡ್ಡದಾಗಿ ನೋಡಿದರೆ ಬಹಳ ಚೆನ್ನಾಗಿತ್ತು. ಪ್ರಿವ್ಯೂದಲ್ಲಿ 24ರಲ್ಲಿ ನೋಡಿದರೆ ಕಲೆ ಬಿದ್ದ ಮಡಕೆ. ಯಾಕೆ ಅಂತ ಎಣಿಸಿದೆ. ಚೀಲ 16 ಅಗಲ, 20 ಎತ್ತರ. ಬಾಯಿಗೆ 4 ಹೋದರೆ ಹೊಟ್ಟೆ 16. ಸುತ್ತಲಿನ ಗೆರೆ 2 ದಪ್ಪ, ಎರಡೂ ಕಡೆಯದು ಕಳೆದರೆ ಒಳಗೆ 12. ಒಳಗಿನ ಚಿಹ್ನೆ ಗೋಡೆಗೆ ತಾಗಬಾರದು ಅಂತ 2 ಬಿಟ್ಟರೆ ಉಳಿದದ್ದು 8. ರೂಪಾಯಿ ಚಿಹ್ನೆಗೆ ಮೇಲಿನ ಗೆರೆ 2, ಸಂದು 2, ಎರಡನೇ ಗೆರೆ 2, ಅಲ್ಲಿಗೇ 6 ಮುಗೀತು. ಕಾಲಿಗೆ ಉಳಿದದ್ದು 2. ಇಷ್ಟರಲ್ಲಿ ರೂಪಾಯಿ ಹಿಡಿಸೋಕೆ ಯಾರಿಂದಲೂ ಆಗೋದಿಲ್ಲ. ಕೈಚಳಕದ ಪ್ರಶ್ನೆಯೇ ಅಲ್ಲ, ಜಾಗದ ಪ್ರಶ್ನೆ. ಹಾಗಾಗಿ ರೂಪಾಯಿ ತೆಗೆದೆ, ಬರೀ ಚೀಲ ಉಳಿಸಿಕೊಂಡೆ. ಆದರೂ ಮಡಕೆಯೇ ಕಾಣ್ತಿತ್ತು.

ಕಾಕಾಗೆ ಫೋಟೋ ಕಳಿಸಿ ಫೋನ್ ಮಾಡಿದೆ. ಅವರು ಹೇಳಿದ ಮಾತು: "ಚೀಲಕ್ಕ ಕಿವಿ ಎಲ್ಲಿ ಅದಾವಪಾ? ಹೊಲಿದ ಚೀಲಕ್ಕ ಎರಡು ಕಿವಿ ಇರತಾವ, ಹಮಾಲ ಹಿಡಿಯೋದ ಅಲ್ಲಿ." ನಿಜ. ಗೋಣಿಚೀಲದ ಬಾಯಿ ದಬ್ಬಣದಿಂದ ಹೊಲಿದಾಗ ಎರಡು ಮೂಲೆಗಳಲ್ಲಿ ಎರಡು ತುದಿ ಎದ್ದು ನಿಲ್ಲುತ್ತವೆ. ನಾನು ಬರೆದಿದ್ದು ಇಂಗ್ಲಿಷ್ ಚಿತ್ರಪುಸ್ತಕಗಳಲ್ಲಿ ಬರೋ, ಕುತ್ತಿಗೆಗೆ ದಾರ ಕಟ್ಟಿದ ಹಣದ ಚೀಲ. ನಮ್ಮ ಎಪಿಎಂಸಿಯಲ್ಲಿ ಅಂಥ ಚೀಲ ಎಲ್ಲಿದೆ? ಮೇಲಿನ ಅಂಚು ಸೀದಾ ಮಾಡಿ, ಎರಡು ಮೂಲೆಗಳಲ್ಲಿ ಎರಡೆರಡು ಪಿಕ್ಸೆಲ್ ಕಿವಿ ಎಬ್ಬಿಸಿದೆ. ಅಷ್ಟೇ ಬದಲಾವಣೆ. 24ರಲ್ಲಿ ನೋಡಿದ ಕೂಡಲೇ ಚೀಲ ಆಯಿತು. 16ಕ್ಕೆ ಮಾತ್ರ ಕುಗ್ಗಿಸದೆ ಬೇರೆಯೇ ಬರೆದೆ, ಯಾಕಂದರೆ 24ರ 2 ಪಿಕ್ಸೆಲ್ 16ಕ್ಕೆ ಬಂದರೆ ಒಂದೂಕಾಲು ಚಿಲ್ಲರೆ ಆಗಿ ಮಸುಕಾಗುತ್ತೆ.

ಹೆಸರು ಮುಚ್ಚಿ ತೋರಿಸೋ ಈ ಪರೀಕ್ಷೆಯನ್ನು ಯಾವ ಕೆಲಸದಲ್ಲೂ ಬಿಡಬೇಡಿ. ಮೂರು ಜನ ಸಾಕು. ಡಿಸೈನ್ ಗೊತ್ತಿಲ್ಲದವರು ಆಗಿರಬೇಕು, ಆ್ಯಪ್ ಬಳಸೋ ಥರದವರು ಆಗಿರಬೇಕು. ಕೇಳಿದ ಮೇಲೆ ವಿವರಿಸೋಕೆ ಹೋಗಬೇಡಿ, ಸುಮ್ನೆ ಕೇಳಿಸಿಕೊಳ್ಳಿ. ಇದರ ಜೊತೆ ಚುನಾವಣಾ ಆಯೋಗ ಪ್ರಕಟಿಸೋ ಮುಕ್ತ ಚಿಹ್ನೆಗಳ ಪಟ್ಟಿಯನ್ನೂ ಒಮ್ಮೆ ಕೂತು ನೋಡಿ. ಹೊಲಿಗೆ ಯಂತ್ರ, ಗ್ಯಾಸ್ ಸಿಲಿಂಡರ್ ಥರದ ದಿನಬಳಕೆಯ ವಸ್ತುಗಳೇ. ಓದು ಬಾರದವರೂ ಗುರುತು ಹಿಡಿದು ಮತ ಹಾಕಲಿ ಅಂತ ಹುಟ್ಟಿದ ಚಿತ್ರಗಳು ಇವು. ಎಂ. ಎಸ್. ಸೇಠಿ ಅನ್ನೋರು ಆಯೋಗದಲ್ಲಿ ಕೂತು ಪೆನ್ಸಿಲ್‌ನಲ್ಲಿ ಬರೆದುಕೊಟ್ಟಿದ್ದು ಇಂಥವನ್ನೇ. ನಮ್ಮ ದೇಶದ ಐಕಾನ್ ಪಾಠಶಾಲೆ ಅಂದರೆ ನನಗೆ ಈ ಪಟ್ಟಿಯೇ.

ಮತ್ತೆ ಇಂಕ್‌ಸ್ಕೇಪ್‌ಗೆ ಬರ್ತೀನಿ. ಆ ಚೀಲ ಇನ್ನೂ ಮೂರು ಐಕಾನ್‌ಗಳಲ್ಲಿ ಬರಬೇಕಿತ್ತು, ಗೋದಾಮು, ಸಾಗಾಟ, ಬೀಜ. ಇಲ್ಲಿ ಕ್ಲೋನ್ ಅನ್ನೋದು ಬಹಳ ಉಪಕಾರಿ. ಆಲ್ಟ್, ಡಿ ಒತ್ತಿದರೆ ಮೂಲಕ್ಕೆ ಅಂಟಿಕೊಂಡ ನಕಲು ಸಿಗುತ್ತೆ. ಮೂಲದ ಕಿವಿ ತಿದ್ದಿದರೆ ಎಲ್ಲ ಕಡೆ ಕಿವಿ ತಿದ್ದುತ್ತೆ. 2022ರ 1.2 ಆವೃತ್ತಿಯಿಂದ ಒಂದೇ ಫೈಲಿನಲ್ಲಿ ಹಲವು ಪುಟ ಇಡಬಹುದು, ಹಾಗಾಗಿ 18 ಐಕಾನ್‌ಗೆ 18 ಪುಟ, ಎಲ್ಲ ಒಟ್ಟಿಗೇ ಕಣ್ಣೆದುರು. ಒಂದರ ಪಕ್ಕ ಒಂದು ಇಟ್ಟು ನೋಡಿದಾಗಲೇ ಯಾವುದು ಭಾರ, ಯಾವುದು ತೆಳು ಅಂತ ಕಾಣೋದು. ಬ್ಯಾಚ್ ಎಕ್ಸ್‌ಪೋರ್ಟ್ ಕೂಡ ಅದೇ ಆವೃತ್ತಿಯಲ್ಲಿ ಬಂತು, ಎಲ್ಲ ಪುಟಗಳನ್ನೂ ಒಂದೇ ಸಲ ಹೊರಗೆ ತೆಗೆಯಬಹುದು. 2023ರ 1.3ರಲ್ಲಿ ಬಂದ ಶೇಪ್ ಬಿಲ್ಡರ್ ನನ್ನ ಕೆಲಸವನ್ನು ಎಲ್ಲಕ್ಕಿಂತ ಜಾಸ್ತಿ ಹಗುರ ಮಾಡಿದೆ. ವೃತ್ತ, ಆಯತಗಳನ್ನು ಒಂದರ ಮೇಲೊಂದು ಇಟ್ಟು, ಬೇಕಾದ ತುಂಡುಗಳ ಮೇಲೆ ಮೌಸ್ ಎಳೆದರೆ ಸೇರಿಕೊಳ್ಳುತ್ತವೆ, ಬೇಡದ್ದು ಹೋಗುತ್ತೆ. ಬಿಂದು ಬಿಂದು ಇಟ್ಟು ಗೆರೆ ಎಳೆಯೋ ಪೆನ್ ಟೂಲ್ ಹಿಡಿದು ಬಾಗು ಸರಿ ಮಾಡುತ್ತಾ ಗಂಟೆಗಟ್ಟಲೆ ಕೂರೋದು ತಪ್ಪಿತು. ಹೊಸಬರಿಗೆ ನನ್ನ ಮಾತು ಒಂದೇ, ಐಕಾನ್‌ಗೆ ಪೆನ್ ಟೂಲ್ ಆಮೇಲೆ ಕಲಿಯಿರಿ. ವೃತ್ತ, ಆಯತ, ಗೆರೆ, ಇಷ್ಟರಲ್ಲೇ ಮುಕ್ಕಾಲು ಕೆಲಸ ಮುಗಿಯುತ್ತೆ, ಬಾಗುಗಳೂ ಶುದ್ಧವಾಗಿರುತ್ತವೆ.

ಒಂದು ಬಟನ್ ಬಗ್ಗೆ ಎಚ್ಚರ. ಸೆಲೆಕ್ಟ್ ಟೂಲ್ ಹಿಡಿದಾಗ ಮೇಲಿನ ಪಟ್ಟಿಯಲ್ಲಿ ನಾಲ್ಕು ಪುಟ್ಟ ಬಟನ್ ಇರುತ್ತವೆ. ಮೊದಲನೆಯದು, ಆಕಾರ ಕುಗ್ಗಿಸಿದಾಗ ಗೆರೆಯ ದಪ್ಪವೂ ಕುಗ್ಗಬೇಕೋ ಬೇಡವೋ ಅಂತ ನಿರ್ಧರಿಸೋದು. ಅದು ಆನ್ ಇದ್ದದ್ದನ್ನು ಗಮನಿಸದೆ ನಾನು ಒಮ್ಮೆ 40 ಐಕಾನ್ ಕೊಟ್ಟುಬಿಟ್ಟಿದ್ದೆ. ಕೆಲವು 2 ದಪ್ಪ, ಕೆಲವು 1.73, ಕೆಲವು 2.2. ಸಾಲಾಗಿ ಇಟ್ಟರೆ ಬೇರೆಬೇರೆಯವರು ಬರೆದ ಹಾಗಿತ್ತು. ಆ್ಯಪ್ ಬರೆಯುತ್ತಿದ್ದ ಹುಡುಗಿ ಅದನ್ನು ಹಿಡಿದು ಹೇಳಿದಳು, ಎಲ್ಲವನ್ನೂ ತಿದ್ದೋಕೆ ಎರಡು ರಾತ್ರಿ ಹೋದವು. ಈಗ ಫೈಲು ಕೊಡೋ ಮೊದಲು ಎಲ್ಲ ಐಕಾನ್ ಆರಿಸಿ ಫಿಲ್ ಆ್ಯಂಡ್ ಸ್ಟ್ರೋಕ್ ತೆರೆದು ದಪ್ಪ ಒಂದೇ ಇದೆಯಾ ಅಂತ ನೋಡಿಯೇ ಕೊಡ್ತೀನಿ.

ಕೊಡೋ ಫೈಲಿನ ವಿಷಯವೂ ಹೇಳಿಬಿಡ್ತೀನಿ. ಐಕಾನ್ ಫಾಂಟ್ (ಅಕ್ಷರಗಳ ಜಾಗದಲ್ಲಿ ಐಕಾನ್ ಇರೋ ಫಾಂಟ್) ಮಾಡೋರಿಗೆ ಗೆರೆ ಸಾಲದು, ತುಂಬಿದ ಆಕಾರ ಬೇಕು, ಅದಕ್ಕೆ ಸ್ಟ್ರೋಕ್ ಟು ಪಾತ್ ಮಾಡಬೇಕು, ಅಂದರೆ ಗೆರೆಯನ್ನೇ ಆಕಾರವಾಗಿ ಬದಲಿಸಬೇಕು. ಮಾಡಿದ ಮೇಲೆ ದಪ್ಪ ಬದಲಿಸೋಕೆ ಬರೋದಿಲ್ಲ, ಆದ್ದರಿಂದ ಮೂಲದ ಒಂದು ನಕಲು ಇಟ್ಟುಕೊಂಡೇ ಮಾಡಿ. ಉಳಿಸುವಾಗ ಪ್ಲೇನ್ ಎಸ್‌ವಿಜಿ ಅಥವಾ ಆಪ್ಟಿಮೈಸ್ಡ್ ಎಸ್‌ವಿಜಿ ಆರಿಸಿ. ಆಗ ಮೊದಲೇ ಹೇಳಿದ ಸೋಡಿಪೋಡಿ ಸಾಲುಗಳು ಹೋಗುತ್ತವೆ, ಅವು ನಿಮ್ಮ ಕೆಲಸಕ್ಕೆ ಬೇಕು, ಗಿರಾಕಿಯ ಆ್ಯಪ್‌ಗೆ ಬೇಡ.

ಕನ್ನಡ ಅಕ್ಷರ ಇರೋ ಲೋಗೋ, ಐಕಾನ್ ಮಾಡೋರಿಗೆ ಒಂದು ಖುಷಿಯ ವಿಷಯ, ಇಂಕ್‌ಸ್ಕೇಪ್‌ನಲ್ಲಿ ಯೂನಿಕೋಡ್ ಕನ್ನಡ ನೇರವಾಗಿ ಟೈಪ್ ಮಾಡಬಹುದು, ಒತ್ತಕ್ಷರ ಒಡೆಯೋದಿಲ್ಲ. ನೋಟೋ ಸಾನ್ಸ್ ಕನ್ನಡ, ಬಲೂ ತಮ್ಮ ಎರಡರಲ್ಲೂ ಮಾಡಿದ್ದೇನೆ, ತೊಂದರೆ ಆಗಿಲ್ಲ. ಆದರೆ ಐಕಾನ್‌ಗೆ ಅಂತ ಅಕ್ಷರ ಆರಿಸುವಾಗ ಒತ್ತಕ್ಷರ ಬೇಡ, ಒಂಟಿ ಅಕ್ಷರವೇ ಸಾಕು. "ಕ್ಷ" 24ರಲ್ಲಿ ಓದೋಕಾಗದು. ಕೊಡುವಾಗ ಅಕ್ಷರವನ್ನು ಪಾತ್ (ಬರೀ ಆಕಾರ) ಮಾಡಿ ಕೊಡಿ, ಎದುರಿನವರ ಕಂಪ್ಯೂಟರ್‌ನಲ್ಲಿ ಆ ಫಾಂಟ್ ಇರಬೇಕಂತಿಲ್ಲ.

ಕೊರತೆ ಇಲ್ಲ ಅಂತಲ್ಲ. ಅಚ್ಚಿಗೆ ಬೇಕಾದ ಸಿಎಂವೈಕೆ ಬಣ್ಣದ ಕೆಲಸಕ್ಕೆ ನಾನು 1.4ರವರೆಗೂ ಇದನ್ನು ನೆಚ್ಚಿಕೊಂಡಿಲ್ಲ, ಪ್ರಿಂಟಿಂಗ್ ಪ್ರೆಸ್‌ಗೆ ಹೋಗೋದು ಇದ್ದರೆ ಬೇರೆ ದಾರಿ ನೋಡಿಕೊಳ್ಳಬೇಕು. ನಾಲ್ಕಾರು ಜನ ಒಂದೇ ಫೈಲಿನಲ್ಲಿ ಒಟ್ಟಿಗೆ ಕೂತು ಕೆಲಸ ಮಾಡೋದು ಫಿಗ್ಮಾ ಅನ್ನೋ ಇನ್ನೊಂದು ಡಿಸೈನ್ ಸಾಫ್ಟ್‌ವೇರ್‌ನಲ್ಲಿ ಸಲೀಸು, ಇಲ್ಲಿ ಆಗೋದಿಲ್ಲ. ಕಂಪನಿ ಸೇರೋ ಆಸೆ ಇರೋರು ಫಿಗ್ಮಾ ಕಲಿಯಲೇಬೇಕು. ಐಕಾನ್ ಮಾತ್ರ ಇಲ್ಲಿ ಬರೆದು ಅಲ್ಲಿಗೆ ಎಸ್‌ವಿಜಿ ಒಯ್ಯಬಹುದು, ನಾನು ಹಾಗೇ ಮಾಡ್ತೀನಿ.

ಸ್ವಂತ ಕೆಲಸ ಮಾಡೋರಿಗೆ ಹಣದ ಮಾತು. ಅರ್ಧ ಮುಂಗಡ ಬಾರದೆ ಫೈಲು ತೆರೆಯಬೇಡಿ. ಎಷ್ಟು ಐಕಾನ್, ಯಾವ ಅಳತೆ, ಎಷ್ಟು ಸಲ ತಿದ್ದುಪಡಿ, ಇದು ಮೆಸೇಜಿನಲ್ಲಾದರೂ ಬರಹದಲ್ಲಿ ಇರಲಿ. ನಾನು ಎರಡು ಸಲ ಅಂತ ಹೇಳ್ತೀನಿ. ಒಬ್ಬ ಗಿರಾಕಿಗೆ ನೋಡೋಕೆ ಅಂತ 12 ಐಕಾನಿನ ಎಸ್‌ವಿಜಿ ಕಳಿಸಿದ್ದೆ. ತಿಂಗಳು ಕಳೆದ ಮೇಲೆ ನೋಡಿದರೆ ಅವೇ ಆ್ಯಪ್‌ನಲ್ಲಿ ಕೂತಿವೆ, ಬಾಕಿ ಹಣ ಇವತ್ತಿಗೂ ಬಂದಿಲ್ಲ. ಅವತ್ತಿನಿಂದ ಒಪ್ಪಿಗೆಗೆ ಕಳಿಸೋದು ಎಲ್ಲ ಐಕಾನ್ ಒಂದೇ ಹಾಳೆಯಲ್ಲಿ ಇರೋ ಪಿಎನ್‌ಜಿ (ಹಿಗ್ಗಿಸಿದರೆ ಅಂಚು ಒಡೆಯೋ ಮಾಮೂಲಿ ಚಿತ್ರ) ಮಾತ್ರ, ಎಸ್‌ವಿಜಿ ಹೋಗೋದು ಹಣ ಬಂದ ಮೇಲೆ. ಇನ್ನೊಂದು, ಫೈಲಿಗೆ ಹೆಸರಿಡುವಾಗ ಕೆಲಸದ ಹೆಸರು ಬೇಡ, ಚಿತ್ರದ ಹೆಸರಿಡಿ. "ಮಾರುಕಟ್ಟೆ" ಅಂತ ಇಟ್ಟರೆ ನಾಳೆ ಅದೇ ಚೀಲ ಗೋದಾಮಿಗೆ ಹೋದಾಗ ಗೊಂದಲ ಆಗುತ್ತೆ. "ಚೀಲ" ಅಂತಲೇ ಇರಲಿ.

ಇನ್ನೂ ಗಿರಾಕಿಗಳಿಲ್ಲ, ಏನು ತೋರಿಸೋದು ಅನ್ನೋರಿಗೆ ಲೂಸಿಡ್ (Lucide) ಅನ್ನೋ ಮುಕ್ತ ಐಕಾನ್ ಸಂಗ್ರಹ ಇದೆ. ಫೆದರ್ ಐಕಾನ್‌ಗಳಿಂದ ಕವಲೊಡೆದದ್ದು, ಯಾರು ಬೇಕಾದರೂ ಐಕಾನ್ ಬರೆದು ಸೇರಿಸೋಕೆ ಕೇಳಬಹುದು. 24ರ ಹಾಳೆ, 2 ದಪ್ಪದ ಗೆರೆ, ತುದಿ ಗುಂಡಗೆ, ಅಂಚಿನಲ್ಲಿ ಕನಿಷ್ಠ 1 ಖಾಲಿ, ಬಿಡಿ ಆಕಾರಗಳ ನಡುವೆ 2 ಸಂದು, ಇದು ಅವರ ನಿಯಮ. ಕಳಿಸಿದರೆ ಅನುಭವ ಇರೋರು ನೋಡಿ ಎಲ್ಲಿ ತಪ್ಪಿದೆ ಅಂತ ಬರೆಯುತ್ತಾರೆ. ಇಂಥ ತಿದ್ದುಪಡಿ ದುಡ್ಡು ಕೊಟ್ಟರೂ ಸಿಗೋದು ಕಷ್ಟ.

ಆ ರೈತರ ಆ್ಯಪ್‌ನ 17 ಐಕಾನ್ ಮುಗಿದಿವೆ, ಒಂದು ಉಳಿದಿದೆ, ಬೆಳೆ ವಿಮೆ. ಛತ್ರಿ ಬರೆದರೆ ಕಾಕಾ "ಮಳಿ" ಅಂದರು, ಅದರ ಪಕ್ಕದಲ್ಲೇ ಮಳೆಯ ಐಕಾನ್ ಬೇರೆ ಇದೆ. ಗುರಾಣಿ ಬರೆದೆ, ಒಬ್ಬರಿಗೂ ಗೊತ್ತಾಗಲಿಲ್ಲ, ಒಬ್ಬರು ಪೊಲೀಸು ಅಂದರು. ಈಗ ಸಸಿಯ ಎರಡೂ ಕಡೆ ಎರಡು ಅಂಗೈ ಬರೆಯುತ್ತಿದ್ದೇನೆ. ಬೆರಳಿಗೆ 2, ಸಂದಿಗೆ 2 ಅಂತ ಲೆಕ್ಕ ಹಾಕಿದರೆ ಒಂದು ಕೈಗೇ 18 ಬೇಕು, ಹಾಗಾಗಿ ಬೆರಳು ಬಿಟ್ಟು ಬರೀ ಬೊಗಸೆಯ ಬಾಗು ಉಳಿಸಿದ್ದೇನೆ. ಪ್ರಿವ್ಯೂದಲ್ಲಿ 32ಕ್ಕೆ ಬೊಗಸೆ ಅನ್ಸುತ್ತೆ, 24ಕ್ಕೆ ಬಂದರೆ ಕುಂಡ ಆಗ್ತಿದೆ. ನಿಮ್ಮ ಊರಲ್ಲಿ ಬೆಳೆ ವಿಮೆ ಅಂದ ಕೂಡಲೇ ಜನರ ಕಣ್ಣಿಗೆ ಯಾವ ವಸ್ತು ಬರುತ್ತೆ? ಗೊತ್ತಿದ್ದವರು ಕೆಳಗೆ ಬರೀರಿ, ಬರೆದು ನೋಡ್ತೀನಿ.